ನಮ್ಮ ಗೇಟಿನ ಮುಂದೆ ಹಾಡು ಸಣ್ಣದಾಯಿತು

ಹೋದ ಮಂಗಳವಾರ ಸಂಜೆ ಮಾತೆ ಮರಿಯಮ್ಮನವರು ನಮ್ಮ ಮನೆಯನ್ನು ಬಿಟ್ಟು ಮುಂದಿನ ಮನೆಗೆ ಹೋದರು.

ಅವರಾಗಿಯೇ ಹೋಗಲಿಲ್ಲ ಬಿಡಿ. ನಮ್ಮ ವಾರ್ಡಿನವರು ಹೊತ್ತುಕೊಂಡು ಹೋದರು. ನಾನು ಅಂಗಳ ಗುಡಿಸಿದ್ದೆ. ಮೇಜಿಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿದ್ದೆ. ಕಡಲೆ ಉಸಲಿಗೆ ಒಗ್ಗರಣೆ ಬಿದ್ದಿತ್ತು. ದೂರದಿಂದ ಹಾಡು ಕೇಳಿದ ಕೂಡಲೇ ಮೇಣದಬತ್ತಿ ಹಚ್ಚಲು ಒಳಗೆ ಓಡಿದೆ. ನಮ್ಮ ಗೇಟಿನ ಹತ್ತಿರ ಬರುತ್ತಿದ್ದಂತೆ ಹಾಡು ಸಣ್ಣದಾಯಿತು. ಓ, ಬಂದರು, ಚಪ್ಪಲಿ ಬಿಡುತ್ತಿದ್ದಾರೆ ಅಂದುಕೊಂಡೆ. ಬತ್ತಿ ಹಿಡಿದು ಹೊರಗೆ ಬಂದರೆ ಕಂಡದ್ದು ಜನರ ಬೆನ್ನು! ನಮ್ಮ ಕಾಂಪೌಂಡ್ ದಾಟಿದ ಮೇಲೆ ಹಾಡು ಮತ್ತೆ ಜೋರಾಯಿತು.

ಆಸ್ಪತ್ರೆಯ ಎದುರು ಹಾರ್ನ್ ಹಾಕಬೇಡಿ ಅಂತ ಬೋರ್ಡು ಇರುತ್ತದಲ್ಲ? ನಮ್ಮ ಮನೆಗೂ ಅಂಥದ್ದೊಂದು ಬೋರ್ಡು ಬಿದ್ದಿತ್ತು. ನನಗೆ ಮಾತ್ರ ಯಾರೂ ಹೇಳಿರಲಿಲ್ಲ.

ಗೊತ್ತಿಲ್ಲದವರಿಗೆ ಈ ಪದ್ಧತಿಯನ್ನು ಹೇಳಿಬಿಡುತ್ತೇನೆ. ಅಕ್ಟೋಬರ್ ನಮಗೆ ಜಪಸರದ (ರೋಸರಿಯ) ತಿಂಗಳು. ಶಿರಸಿಯ ನಮ್ಮ ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದ ಮನೆಗಳನ್ನು ವಾರ್ಡುಗಳಾಗಿ ಮಾಡಿದ್ದಾರೆ. ಪ್ರತಿ ವಾರ್ಡಿನಲ್ಲೂ ಮಾತೆಯ ಪ್ರತಿಮೆ ಮನೆಯಿಂದ ಮನೆಗೆ ಹೋಗುತ್ತದೆ. ಒಂದೊಂದು ಮನೆಯಲ್ಲಿ ಒಂದೊಂದು ರಾತ್ರಿ. ಸಂಜೆ ಎಲ್ಲರೂ ಬಂದು ಆ ಮನೆಯಲ್ಲಿ ಕುಳಿತು ಜಪಸರ ಹೇಳುತ್ತಾರೆ, ಚಾ ಕುಡಿಯುತ್ತಾರೆ, ಹೋಗುತ್ತಾರೆ. ದೊಡ್ಡ ಮನೆ, ಬಾಡಿಗೆ ಮನೆ, ಜಗಳದ ಮನೆ ಅಂತ ಭೇದ ಇಲ್ಲ. ಯಾರನ್ನೂ ಬಿಡುವ ಹಾಗಿಲ್ಲ.

ಹಾಗಾದರೆ ನನ್ನನ್ನು ಯಾಕೆ ಬಿಟ್ಟರು?

ಮಾರನೇ ದಿನ ಸಿದ್ದಾಪುರದಿಂದ ಶಾಲೆ ಮುಗಿಸಿ ಬಂದವಳು ಬಸ್ ಇಳಿದು ಮನೆಗೆ ಹೋಗಲಿಲ್ಲ. ಸೀದಾ ಪೆದ್ರು ಬಾಬ್ ಅವರ ವೆಲ್ಡಿಂಗ್ ಶೆಡ್ಡಿಗೆ ಹೋದೆ. ನಮ್ಮ ವಾರ್ಡಿನ ಮುಖಂಡರು ಅವರೇ. ಯಾರದೋ ಗೇಟಿಗೆ ಬೆಸುಗೆ ಹಾಕುತ್ತಿದ್ದವರು ನನ್ನ ಮುಖ ನೋಡಿ ಸ್ವಿಚ್ ಆಫ್ ಮಾಡಿದರು.

"ನಮ್ಮನೆ ಎಂತಕ್ಕೆ ಬಿಟ್ರಿ?"

"ಹಂಗಲ್ಲ ಟೀಚರ್..."

"ಮತ್ತೆ ಹೆಂಗೆ?"

ಪೆದ್ರು ಬಾಬ್ ಕೈ ಒರೆಸಿಕೊಂಡರು. "ನೀವು ಒಬ್ರೇ ಇದ್ದೀರಿ. ಅಷ್ಟು ಜನಕ್ಕೆ ಚಾ, ತಿಂಡಿ ಅಂದ್ರೆ ತ್ರಾಸು. ಅದೂ ಅಲ್ದೆ, ಅಂತೋನ್ ಕೂರ್ತಿದ್ದ ಜಾಗ ಎಲ್ಲ ನೋಡಿ, ಮಂದಿ ಎದುರು ನಿಮಗೆ ಅಳು ಬಂದ್ರೆ... ಈ ವರ್ಷ ಬ್ಯಾಡ ಅಂತ ಎಲ್ಲರೂ ಸೇರಿ ಮಾತಾಡಿದ್ದು. ನಿಮ್ಮ ಒಳ್ಳೇದಕ್ಕೇ."

"ನಾನು ಅತ್ರೆ ನಿಮ್ಮ ಗಂಟೇನು ಹೋಗ್ತದೆ ಪೆದ್ರು ಬಾಬ್?"

ಪಾಪ, ಅವರು ತಲೆ ತಗ್ಗಿಸಿದರು. "ಶನಿವಾರ ಇಡುವ" ಅಂದರು. ನಾನು ಗೆದ್ದವಳ ಹಾಗೆ ಮನೆಗೆ ನಡೆದೆ.

ಈ ಅಂಕಣ ಓದುವವರಿಗೆ ನಮ್ಮ ಅಂತೋನ್ ಗೊತ್ತು. (ಅವರ ಗೊರಕೆಯ ಬಗ್ಗೆ ಬರೆದಾಗ ವಾರವಿಡೀ ಮಾತು ಬಿಟ್ಟಿದ್ದರು!) ಹೊಸಬರಿಗೆ ಹೇಳುವುದಾದರೆ, ನನ್ನ ಗಂಡ. ಶಿರಸಿ-ಯಲ್ಲಾಪುರ ರೂಟಿನ ಬಸ್ ಡ್ರೈವರ್. ಜನವರಿಯಲ್ಲಿ ಒಂದು ಬೆಳಿಗ್ಗೆ, ಡ್ಯೂಟಿಗೆ ಹೊರಡಲು ಶೂ ಹಾಕಿಕೊಳ್ಳುತ್ತಾ ಜಗುಲಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಹಾರ್ಟು.

ಆ ಸುದ್ದಿಯನ್ನು ಇಲ್ಲಿ ಎರಡು ಸಾಲಿನಲ್ಲಿ ತಿಳಿಸಿ, ಮುಂದಿನ ವಾರದಿಂದ ಮಾಮೂಲಿನಂತೆ ಬರೆಯತೊಡಗಿದೆ. "ಗಟ್ಟಿ ಇದ್ದೀರಿ ಮೇಡಂ" ಅಂತ ನೀವೆಲ್ಲ ಮೆಸೇಜ್ ಹಾಕಿದಿರಿ. ಶಾಲೆಯಲ್ಲೂ ಅದೇ. ಇಗರ್ಜಿಯಲ್ಲೂ ಅದೇ. ನಮ್ಮಲ್ಲಿ ಗಂಡ ಸತ್ತವಳಿಗೆ ಕೊಡುವ ದೊಡ್ಡ ಸರ್ಟಿಫಿಕೇಟು ಅದು, ಗಟ್ಟಿ ಹೆಂಗಸು. ಒಮ್ಮೆ ಕೈಗೆ ಬಂತೆಂದರೆ ವಾಪಸ್ ಕೊಡುವುದು ಕಷ್ಟ. ಫ್ರೇಮು ಹಾಕಿಸಿಕೊಂಡು ಬದುಕಬೇಕು. ನಾನು ಎಕ್ಸ್‌ಟ್ರಾ ಕ್ಲಾಸ್ ತೆಗೆದುಕೊಂಡೆ. ಬೇರೆಯವರ ಪರೀಕ್ಷಾ ಡ್ಯೂಟಿಯನ್ನೂ ಮಾಡಿದೆ. ಯಾರು ಕೇಳಿದರೂ "ಆರಾಮ" ಅಂದೆ. ಮಲಗಿದರೆ ಮಾತ್ರ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಕಟ್ಟದೇ ಉಳಿದ ಆ ಶೂ ಲೇಸು ಕಾಣುತ್ತಿತ್ತು.

ದೇವರ ಮೇಲೆ ಸಿಟ್ಟಿತ್ತಾ? ಇತ್ತು. ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ಆದರೆ ಸಿಟ್ಟಿಗಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ನಮ್ಮ ಮನೆಯಲ್ಲಿ ಜಪಸರ ನಿಂತುಹೋಗಿತ್ತು.

ಜಪಸರದ ಪ್ರಾರ್ಥನೆಗೆ ಎರಡು ಅರ್ಧ. ಒಬ್ಬರು ಮೊದಲ ಅರ್ಧ ಹೇಳುತ್ತಾರೆ, ಅದರಲ್ಲಿ ಮಾತೆಗೆ ವಂದನೆ. ಉಳಿದವರು ಎರಡನೆಯ ಅರ್ಧ ಹೇಳುತ್ತಾರೆ, ಅದರಲ್ಲಿ ನಮ್ಮ ಬೇಡಿಕೆ. ಮಣಿಯಿಂದ ಮಣಿಗೆ ಹೀಗೇ. ಮದುವೆಯಾದ ದಿನದಿಂದ ಮೊದಲ ಅರ್ಧ ಅಂತೋನ್ ಅವರದು, ಎರಡನೆಯದು ನನ್ನದು. ಆ ಪುಣ್ಯಾತ್ಮ ಬಸ್ ಲೇಟಾದವರ ಹಾಗೆ ಹೇಳುತ್ತಿದ್ದರು. ನಾನು ಬೇಡಿಕೊಂಡು ಮುಗಿಸುವ ಮುಂಚೆಯೇ ಅವರದು ಮುಂದಿನ ಮಣಿ ಶುರು. "ಓವರ್‌ಟೇಕ್ ಮಾಡಬೇಡಿ" ಅಂತ ಎಷ್ಟು ಸಲ ಬೈದಿದ್ದೇನೋ.

ಅವರು ಹೋದ ಮೇಲೆ ಒಬ್ಬಳೇ ಕುಳಿತರೆ ಎರಡೂ ಅರ್ಧ ನಾನೇ ಹೇಳಬೇಕು. ಅವರ ಅರ್ಧ ನನ್ನ ಬಾಯಿಗೆ ಬರಲಿಲ್ಲ. ಅವರ ಅರ್ಧ ಹೇಳಿಬಿಟ್ಟರೆ ಅವರು ಇಲ್ಲ ಅಂತ ನಾನೇ ಒಪ್ಪಿದ ಹಾಗಲ್ಲವೇ? ಸರವನ್ನು ಮೊಳೆಗೆ ತೂಗುಹಾಕಿದೆ. ಇಗರ್ಜಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಮನೆಗೆ ಬಂದರೆ ದೇವರ ಜೊತೆ ನನಗೆ ಮಾತಿಲ್ಲ. ಹಾಗಾಗಿ ಅಕ್ಟೋಬರ್‌ಗೆ ಕಾದಿದ್ದೆ. ಜನ ಬರುತ್ತಾರೆ, ನಿಂತದ್ದು ಮತ್ತೆ ಶುರುವಾಗುತ್ತದೆ ಅಂತ ಕಾದಿದ್ದೆ. ಅದೂ ಆಗದಿದ್ದರೆ ಮುಂದೆಂದೂ ಆಗಲಿಕ್ಕಿಲ್ಲ ಅನ್ನುವ ಹೆದರಿಕೆ ಇತ್ತು. ಅವರೋ, ನನ್ನ ಒಳ್ಳೆಯದಕ್ಕೇ ನನ್ನನ್ನು ಬಿಟ್ಟು ಹೋಗಿದ್ದರು.

ಶನಿವಾರ ಬಂತು. ಪಕ್ಕದ ಮನೆಯ ಸಾವಿತ್ರಕ್ಕ ತಮ್ಮ ಮನೆಯ ಕುರ್ಚಿಗಳನ್ನು ಕಳಿಸಿ, ಹಿಂದೆಯೇ ಅಬ್ಬಲಿಗೆ ಮಾಲೆ ಹಿಡಿದು ತಾವೂ ಬಂದರು. "ಲೀನಾ, ಆನೂ ಕೂತ್ಗಂಡ್ರೆ ಅಡ್ಡಿಲ್ಯ? ನಿಂಗ್ಳ ಮಂತ್ರ ಎಲ್ಲ ಬತ್ತಿಲ್ಲೆ ಮತ್ತೆ" ಅಂದರು. ಬಾಗಿಲ ಹತ್ತಿರ ಗೋಡೆಗೆ ಒರಗಿ ಕುಳಿತರು.

ಮೆರವಣಿಗೆ ಬಂತು. ಈ ಸಲ ನಮ್ಮ ಗೇಟಿನಲ್ಲಿ ಹಾಡು ಸಣ್ಣದಾಗಲಿಲ್ಲ. (ಪೆದ್ರು ಬಾಬ್ ಬೇಕಂತಲೇ ಕಿರುಚುತ್ತಿದ್ದರು ಅಂತ ನನ್ನ ಗುಮಾನಿ.) ಮಾತೆಯನ್ನು ಬಿಳಿ ಬಟ್ಟೆಯ ಮೇಲೆ ಇಟ್ಟರು. ಅಬ್ಬಲಿಗೆ ಏರಿತು. ಎಲ್ಲರೂ ಕುಳಿತರು. ಮೊದಲ ಸುತ್ತಿನ ಹತ್ತು ಮಣಿಗಳನ್ನು ಆಯಾ ಮನೆಯವರೇ ಶುರು ಮಾಡಬೇಕು. ಪೆದ್ರು ಬಾಬ್ ಮೆಲ್ಲಗೆ ಕೆಮ್ಮಿ, "ನಾನು ಹೇಳ್ತೆ, ಟೀಚರ್" ಅಂದರು.

"ಬ್ಯಾಡ. ನನ್ನ ಮನೆ. ನಾನೇ ಹೇಳೋದು."

ಸರ್ಟಿಫಿಕೇಟು ಇನ್ನೂ ಗೋಡೆಯ ಮೇಲಿತ್ತು ನೋಡಿ!

ಮೊಳೆಯಿಂದ ಇಳಿಸಿದ ಸರ ಕೈಯಲ್ಲಿತ್ತು. ಮಣಿ ಹಿಡಿದೆ. ಬಾಯಿ ತೆರೆದೆ. ತುಟಿ ಅಲ್ಲಾಡಿತು. ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದೆ. ಇಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಹೇಳಿದ್ದೇ ಸರಿ, ನನ್ನನ್ನು ಬಿಟ್ಟು ಹೋಗಿದ್ದೇ ಸರಿ ಅನ್ನಿಸಿತು.

ಆಗ ಎದುರಿನ ಕುರ್ಚಿಯಿಂದ ಮೊನ್ನಕ್ಕ ಗಟ್ಟಿಯಾಗಿ ಎರಡನೆಯ ಅರ್ಧ ಶುರು ಮಾಡಿಬಿಟ್ಟರು.

ಮೊನ್ನಕ್ಕ ಬನವಾಸಿ ಕಡೆಯ ಮುದುಕಿ. ಮಗಳ ಮನೆಯಲ್ಲಿ ಇರುತ್ತಾರೆ. ಎರಡೂ ಕಿವಿ ಕೇಳಿಸುವುದಿಲ್ಲ. ಜಪದಲ್ಲಿ ಎದುರಿನವರ ಬಾಯಿ ನೋಡಿಕೊಂಡು ತಮ್ಮ ಅರ್ಧ ಹೇಳುತ್ತಾರೆ. ನನ್ನ ತುಟಿ ಅಲ್ಲಾಡಿದ್ದು, ನಿಂತದ್ದು ಕಂಡಿದೆ. ಓ, ಮುಗಿಯಿತು, ಇನ್ನು ನಮ್ಮದು ಅಂತ ಹೊರಟೇಬಿಟ್ಟರು.

ಅರೆಗಳಿಗೆ ಎಲ್ಲರಿಗೂ ಗಲಿಬಿಲಿ. ಆಮೇಲೆ ಪೆದ್ರು ಬಾಬ್ ದನಿ ಸೇರಿತು. ಅವರ ಹೆಂಡತಿಯದು ಸೇರಿತು. ಎಲ್ಲರದೂ ಸೇರಿತು. ನಾನು ಹೇಳದೇ ಇದ್ದ ಅರ್ಧಕ್ಕೆ ಇಡೀ ವಾರ್ಡು ಉತ್ತರ ಕೊಟ್ಟಿತು.

ಮುಂದಿನ ಮಣಿ. ನನ್ನ ತುಟಿ ಅಲ್ಲಾಡುತ್ತದೆ, ದನಿ ಇಲ್ಲ. ಮೊನ್ನಕ್ಕ ಶುರು, ಹಿಂದೆ ಎಲ್ಲರೂ. ಅದರ ಮುಂದಿನ ಮಣಿಯೂ ಹಾಗೇ. ಎಷ್ಟನೆಯ ಮಣಿಗೋ ನನಗೆ ಅಳು ಬಂತು. ಸೆರಗು ಬಾಯಿಗಿಟ್ಟುಕೊಂಡು ಅಳುವ ಅಳುವಲ್ಲ. ಜನವರಿಯಲ್ಲೇ ಅಳಬೇಕಿದ್ದ ಅಳು. ಜೋರಾಗಿ, ಮೂಗು ಸುರಿಸಿಕೊಂಡು, ಮೂವತ್ತು ವರ್ಷದಿಂದ ಮಕ್ಕಳಿಗೆ ಶಿಸ್ತು ಕಲಿಸುವ ಟೀಚರ್ ನಾನು ಅತ್ತುಬಿಟ್ಟೆ.

ಯಾರೂ ನಿಲ್ಲಿಸಲಿಲ್ಲ. ಜಪದ ನಡುವೆ ಎದ್ದು ಬಂದು ಬೆನ್ನು ಸವರಿ "ಸಮಾಧಾನ ಮಾಡ್ಕೊಳ್ಳಿ" ಅನ್ನುವ ಪದ್ಧತಿ ಇಲ್ಲವಲ್ಲ! ಅವರು ಹೇಳುತ್ತಲೇ ಇದ್ದರು, ನಾನು ಅಳುತ್ತಲೇ ಇದ್ದೆ. ಪ್ರಾರ್ಥನೆ ನಡೆಯುತ್ತಲೇ ಇತ್ತು. ನಾನು ಎಳೆಯದಿದ್ದರೂ ಅದು ನಡೆಯುತ್ತದೆ ಅಂತ ಆ ದಿನದವರೆಗೂ ನನಗೆ ಗೊತ್ತಿರಲಿಲ್ಲ.

ಮುಗಿದ ಮೇಲೆ ಪೆದ್ರು ಬಾಬ್ ಹೆಂಡತಿ ನನ್ನ ಅಡುಗೆಮನೆಗೆ ನುಗ್ಗಿ ಚಾ ಮಾಡಿದರು. ನಾನು ಏಳಲಿಲ್ಲ. ನನ್ನ ಮನೆಯಲ್ಲೇ ನೆಂಟರ ಹಾಗೆ ಕುಳಿತು ಅವರು ಕೊಟ್ಟ ಚಾ ಕುಡಿದೆ. ಮೊನ್ನಕ್ಕನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ, "ನಾನು ಹೇಳೇ ಇರಲಿಲ್ಲ ಮೊನ್ನಕ್ಕ!"

"ಹೇಳಿದ್ಯಲ್ಲವ್ವಾ! ಬಾಯಿ ಅಳ್ಳಾಡ್ತಿತ್ತು, ನಾ ಕಂಡೀನಿ" ಅಂದರು. ಅವರಿಗೆ ಉಸಲಿಯ ಮೇಲೆ ಗಮನ. "ಉಪ್ಪು ಕಮ್ಮಿ ಆಗೇತಿ ನೋಡು."

ಮಾರನೇ ದಿನ ಬಾಗಿಲು ಬಡಿದ ಶಬ್ದಕ್ಕೆ ಎಚ್ಚರವಾಯಿತು. ಸಾವಿತ್ರಕ್ಕ. ಮುಖ ಬಿಳಿಚಿತ್ತು.

"ಎಂಟು ಗಂಟೆ ಆತು, ಬಾಗಿಲು ತೆಗೆದ್ದಿಲ್ಲೆ! ಎಂತ ಆತು ಹೇಳಿ ಎದೆ ಧಸಕ್ ಅಂತು ಮಾರಾಯ್ತಿ!"

"ನಿದ್ದೆ ಬಂದಿತ್ತು ಸಾವಿತ್ರಕ್ಕ" ಅಂದೆ. ಇಬ್ಬರಿಗೂ ಕಣ್ಣು ತುಂಬಿತು.

ದುಃಖ ಹೋಯಿತಾ? ಇಲ್ಲ. ಅದು ಹೋಗುವ ಪೈಕಿ ಅಲ್ಲ. ನಿನ್ನೆಯೂ ಶೂ ಸ್ಟ್ಯಾಂಡಿನ ಎದುರು ನಿಂತುಬಿಟ್ಟಿದ್ದೆ. ಆದರೆ ಮಲಗಿದರೆ ನಿದ್ದೆ ಬರುತ್ತಿದೆ. ದೇವರ ಜೊತೆ ಮಾತು ಶುರುವಾಗಿದೆ. ಸಂಜೆ ಸರ ಹಿಡಿದು ಕೂರುತ್ತೇನೆ. ಅಂತೋನ್ ಅವರ ಅರ್ಧಕ್ಕೆ ಬರೀ ತುಟಿ ಅಲ್ಲಾಡಿಸುತ್ತೇನೆ, ನನ್ನ ಅರ್ಧವನ್ನು ಗಟ್ಟಿಯಾಗಿ ಹೇಳುತ್ತೇನೆ. ಆ ಕಡೆ ಇರುವ ದೇವರಿಗೆ ಕೇಳಿಸದಿದ್ದರೂ ತುಟಿ ಕಾಣಿಸುತ್ತದೆ ಅನ್ನುವ ಧೈರ್ಯ ಬಂದಿದೆ.

ಹೊರೆ ಹೊತ್ತು ದಣಿದವರು ನನ್ನ ಹತ್ತಿರ ಬನ್ನಿ ಅಂತ ಯೇಸು ಕರೆದದ್ದನ್ನು ಸಣ್ಣವಳಿದ್ದಾಗಿನಿಂದ ಪಾದ್ರಿಗಳ ಪ್ರಸಂಗದಲ್ಲಿ ಕೇಳಿದ್ದೇನೆ. ನಾನೇನೋ, ಹೊರೆಯನ್ನು ಎಲ್ಲೋ ಇಳಿಸಿ, ಮುಖ ತೊಳೆದು, ಸೀರೆ ಸರಿಮಾಡಿಕೊಂಡು ಹೋಗಬೇಕು ಅಂದುಕೊಂಡಿದ್ದೆ. ನನ್ನ ವಾರ್ಡಿನವರೂ ಹಾಗೇ ಅಂದುಕೊಂಡಿದ್ದರು. ಅದಕ್ಕೇ ನಾನು ಸುಧಾರಿಸಲಿ ಅಂತ ಒಂದು ವರ್ಷ ರಜೆ ಕೊಟ್ಟರು. ಹೊರೆ ತಲೆಯ ಮೇಲೆ ಇರುವಾಗಲೇ ಬನ್ನಿ ಅಂತಲ್ಲವೇ ಅವನು ಕರೆದದ್ದು?

ಭಾನುವಾರ ಸಂಜೆ ಮಾತೆಯನ್ನು ನಾನೇ ಎತ್ತಿಕೊಂಡು ಮುಂದಿನ ಮನೆಗೆ ಹೊರಟೆ. ನಮ್ಮ ಬೀದಿಯ ತಿರುವಿನಲ್ಲಿ ಒಂದು ಮನೆಯಿದೆ. ಮದುವೆಯಾದ ಮಗಳು ವಾಪಸ್ ಬಂದು ಕುಳಿತಿದ್ದಾಳೆ. ಕಿಟಕಿ ತೆರೆಯುವುದಿಲ್ಲ. ಅವರಿಗೆ ಮುಜುಗರ ಆಗುತ್ತದೆ ಅಂತ ಆ ಮನೆಯನ್ನೂ ಈ ವರ್ಷ ಬಿಟ್ಟಿದ್ದರು. ಅಲ್ಲಿಗೆ ಬರುತ್ತಿದ್ದಂತೆ, ನನ್ನ ಹಿಂದೆ ಹಾಡು ಮೆಲ್ಲಗೆ ಸಣ್ಣದಾಯಿತು.

ನಾನು ನಿಂತೆ. ಪೆದ್ರು ಬಾಬ್ ನನ್ನ ಮುಖ ನೋಡಿದರು. ಆಮೇಲೆ ಅವರೇ ಹೋಗಿ ಆ ಗೇಟಿನ ಚಿಲಕ ತೆಗೆದರು.

ನಿಮ್ಮ ಬೀದಿಯಲ್ಲಿ ನೀವು ದನಿ ತಗ್ಗಿಸಿ ದಾಟುವ ಮನೆ ಯಾವುದು?