ಸೂತಕದ ಕಾಗದ

ಮದುವೆಯ ಕರೆಯೋಲೆ ಕೈಗೆ ಬಂದರೆ ನಾನು ಮೊದಲು ಅದರ ಮೂಲೆ ಮೂಸುತ್ತೇನೆ. ನನ್ನ ಗಂಡನಿಗೆ ನಗು. ಅರಿಸಿನದ ಆ ವಾಸನೆಗೆ ಅಮದಳ್ಳಿಯ ಆಚೆ, ಸಮುದ್ರಕ್ಕೆ ಬೆನ್ನು ಮಾಡಿ ನಿಂತಿದ್ದ ನಮ್ಮ ಸುರಗಿಕೇರಿಯ ಮನೆ ಕಣ್ಣೆದುರು ಬರುತ್ತದೆ. ಕೇರಿಯ ಮದುವೆ, ಗೃಹಪ್ರವೇಶಗಳ ಕಾಗದಗಳನ್ನೆಲ್ಲ ಅಜ್ಜಿ ಪಡಸಾಲೆಯ ತಂತಿಗೆ ಒಂದರ ಮೇಲೊಂದು ಚುಚ್ಚಿಡುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ತಂತಿ ಇದ್ದೀತು. ಸಾವಿನ ಸುದ್ದಿಯ ಕಾಗದ ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ. ಅಂಗಳದಲ್ಲೇ ಓದಿ, ಹರಿದು, ತೆಂಗಿನ ಬುಡಕ್ಕೆ ಹಾಕಿ, ಕಾಲು ತೊಳೆದು ಒಳಗೆ ಬರಬೇಕು. ಅದನ್ನು ಇಟ್ಟುಕೊಂಡ ಮನೆಗೆ ಇನ್ನೊಂದು ಸಾವು ಹುಡುಕಿಕೊಂಡು ಬರುತ್ತದೆ ಎಂಬ ಹೆದರಿಕೆ ಅವಳಿಗೆ. ಅಜ್ಜ ತೀರಿಕೊಂಡಾಗ ಅಚ್ಚು ಹಾಕಿಸಿದ ಕಾರ್ಡೂ ಹೀಗೇ ಮಣ್ಣಾಗಿತ್ತು. ಮುಂದೆ ಅಪ್ಪನ ಮದುವೆಯ ಕರೆಯೋಲೆಯಲ್ಲೂ ಅಜ್ಜನ ಹೆಸರಿನ ಹಿಂದೆ ‘ದಿವಂಗತ’ ಎಂದು ಹಾಕಲು ಅವಳು ಬಿಡಲಿಲ್ಲವಂತೆ. ಶುಭಕಾರ್ಯದ ಕಾಗದದಲ್ಲಿ ಸಾವು ಯಾಕೆ ಎಂದು ಅವಳ ವಾದ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನೌಕಾನೆಲೆಗೆ ಜಾಗ ಬಿಡಬೇಕಾಗಿ, ಪಕ್ಕದ ಕೇರಿಗಳು ಒಂದೊಂದಾಗಿ ಬರಿದಾಗುತ್ತಿದ್ದವು. ಹೆಂಚು ಇಳಿಸಿದ ಮನೆಗಳ ನಡುವೆ ನಾಯಿಗಳಷ್ಟೇ ಉಳಿದು ಸಂಜೆಯಾದರೆ ಊಳಿಡುತ್ತಿದ್ದವು. ಆ ದನಿ ಕೇಳಿದರೆ ನಾನು ಅನ್ನ ಬಿಟ್ಟು ಎದ್ದುಬಿಡುತ್ತಿದ್ದೆ. “ಊರಿಗೆ ಬಂದವ್ಳು ನೀರಿಗೆ ಬರದೆ ಇರ್ತಾಳಾ?” ಎನ್ನುತ್ತಿದ್ದ ಅಪ್ಪ. ಬಂದಳು. ಪೋಸ್ಟಿನವ ತಂದ ನೋಟಿಸು, ಮನೆ ಯಾರ ಹೆಸರಿನಲ್ಲಿತ್ತೋ ಅವರಿಗೆ, ಎಂದರೆ ಸತ್ತ ಅಜ್ಜನಿಗೆ ಬಂದಿತ್ತು. ನಾನು ಅಂಗಳದಲ್ಲಿ ನಿಂತು ಹೆಸರು ಓದಿದೆ. ಅಜ್ಜಿಯ ಮುಖ ಕಪ್ಪಿಟ್ಟಿತು.

“ಸತ್ತವ್ರ ಹೆಸ್ರಿನ ಕಾಗದ ಒಳಗೆ ತರೂದು ಬ್ಯಾಡ,” ಅಂದಳು. ಅಪ್ಪ ಓಡಿ ಬರುವಷ್ಟರಲ್ಲಿ ನೋಟಿಸು ಚೂರಾಗಿ ತೆಂಗಿನ ಬುಡ ಸೇರಿತ್ತು.

ಅದರ ನಕಲೇನೋ ಸಿಕ್ಕಿತು. ಆದರೆ ಹೊಸ ನಿವೇಶನ ಅಜ್ಜಿಯ ಹೆಸರಿಗೆ ಆಗಬೇಕಾದರೆ ಅಜ್ಜ ತೀರಿಕೊಂಡಿದ್ದಕ್ಕೆ ದಾಖಲೆ ಬೇಕು. ಇಲ್ಲದಿದ್ದರೆ ಕೇರಿಯವರೆಲ್ಲ ಅಂಕೋಲೆಯ ಕಡೆ ಹೋದ ಮೇಲೆ ನಮಗೆ ನಿಲ್ಲಲು ನೆಲವಿಲ್ಲ. ಆ ಸಾವನ್ನು ಆಗ ಯಾರೂ ಎಲ್ಲೂ ಬರೆಸಿರಲಿಲ್ಲ. ಅಪ್ಪ ಕಾಗದಗಳ ತಂತಿಯನ್ನೇ ಬಿಚ್ಚಿಕೊಂಡು, ಅಜ್ಜಿಯನ್ನೂ ನನ್ನನ್ನೂ ಕರೆದುಕೊಂಡು ಕಾರವಾರದ ಕಚೇರಿಗೆ ಹೋದ. ಗುಮಾಸ್ತರು ಅಪ್ಪನ ಮದುವೆಯ ಕರೆಯೋಲೆ ಓದಿ ಕನ್ನಡಕ ತೆಗೆದರು. “ಇದ್ರಲ್ಲಿ ನೋಡಿದ್ರೆ ಅವ್ರೇ ನಿಂತು ಎಲ್ಲರನ್ನೂ ಕರೀತಾ ಇದ್ದಾರಲ್ಲ. ಬೇರೆ ಕಾಗದ ಅದ್ಯಾ? ಇಲ್ಲ ಅಂದ್ರೆ ಅಮ್ಮಾ, ನೀವೇ ಹೇಳಿ, ಬರ್ಕೊಳ್ತೇನೆ.”

ಅಜ್ಜಿ ನೆಲ ನೋಡುತ್ತ ಹೇಳತೊಡಗಿದಳು. ಜಡಿಮಳೆಯಲ್ಲಿ ಚಟ್ಟ ಹೊತ್ತವರು ಯಾರು, ಹಸಿ ಕಟ್ಟಿಗೆಗೆ ಬೆಂಕಿ ಹತ್ತದಾಗ ಹಳೆ ದೋಣಿಯ ಹಲಗೆ ಒಡೆದು ಕೊಟ್ಟವರು ಯಾರು, ಯಾವ ದಾರಿಯಲ್ಲಿ ಒಯ್ದರು, ಯಾರ ಬಾವಿಯಲ್ಲಿ ಮಿಂದರು. ಗುಮಾಸ್ತರು ತಡೆಯದೆ ಬರೆದರು. ಇವತ್ತು ಸುರಗಿಕೇರಿ ಇಲ್ಲ, ಅಲ್ಲಿಗೆ ನಮ್ಮನ್ನು ಬಿಡುವುದೂ ಇಲ್ಲ. ಯಾರ ಬಾವಿ ಎಲ್ಲಿತ್ತು ಎಂದು ನೋಡಬೇಕಾದರೆ ನನಗೆ ಆ ಹೇಳಿಕೆಯ ನಕಲೇ ಗತಿ.

ಮರಳುವ ಬಸ್ಸಿನಲ್ಲಿ ಅಪ್ಪನ ಮುಖ ಹಗುರಾಗಿತ್ತು. “ಜಾಗ ಸಿಕ್ಕಿದ ಹಾಗೇ ಆಯ್ತು, ಆಯಿ. ಇನ್ನೆಂತ ಚಿಂತೆ?” ಅಂದ.

ಅಜ್ಜಿ ಹೆಬ್ಬೆಟ್ಟಿನ ಶಾಯಿಯನ್ನು ಸೆರಗಿಗೆ ಉಜ್ಜುತ್ತಲೇ ಇದ್ದಳು.

“ಇಷ್ಟು ವರ್ಷ ಅವ್ರು ಮನೇಲೇ ಇದ್ರು,” ಅಂದಳು. “ಇವತ್ತು ನಾನೇ ಸಾಯ್ಸಿ ಬಂದೆ.”