ಗಂಗೂಬಾಯಿ ಹಾಕದ ಸಹಿ

ಬಂಗಾಳಿಗಳು ಯಂತ್ರಗಳನ್ನು ಪೂಜಿಸುವ ವಿಶ್ವಕರ್ಮ ಪೂಜೆಯ ಮಾರನೆಯ ಬೆಳಿಗ್ಗೆ ಪಾರ್ಕ್ ಸ್ಟ್ರೀಟಿನ ಆ ಕಚೇರಿಯಲ್ಲಿ ಹನ್ನೆರಡು ಮೇಜುಗಳ ಪೈಕಿ ಒಂಬತ್ತಕ್ಕೆ ನೆಟ್‌ವರ್ಕ್ ಇರಲಿಲ್ಲ. ಪ್ರತಿ ಮೇಜಿನ ಮೇಲೂ ಅಂಗೈಯಗಲದ ಕರಿಯ ಡಬ್ಬಿಯೊಂದಿದೆ, ಅದಕ್ಕೆ ಡಾಕ್ ಎನ್ನುತ್ತಾರೆ. ಅದರ ಒಂದೇ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಚಾರ್ಜು, ದೊಡ್ಡ ಪರದೆ, ನೆಟ್‌ವರ್ಕ್ ಮೂರೂ ಬರಬೇಕು. ಚಾರ್ಜು ಬರುತ್ತಿತ್ತು, ಪರದೆ ಬೆಳಗುತ್ತಿತ್ತು. ನೆಟ್‌ವರ್ಕ್ ಮಾತ್ರ ನಾಪತ್ತೆ.

ಸರಿಪಡಿಸಬೇಕಾದವಳು ಗಂಗೂಬಾಯಿ. ಸವದತ್ತಿ ಕಡೆಯ ಹಳ್ಳಿಯವಳು, ಮನೆತನದಲ್ಲಿ ಡಿಗ್ರಿ ಮುಗಿಸಿದವಳು ಅವಳೊಬ್ಬಳೇ. ಜಾದವ್‌ಪುರದಲ್ಲಿ ಬಾಡಿಗೆ ಕೋಣೆ, ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆಯ ಕೆಲಸ. ನವೀಕರಣಕ್ಕೆ ಶಿಫಾರಸು ಬರೆಯುವವನು ಬೆಂಗಳೂರಿನಿಂದ ಇಲ್ಲಿಗೆ ಬಂದಿರುವ ಮ್ಯಾನೇಜರ್ ವಿಶ್ವಾಸ್.

ಮೊದಲ ದಿನವಿಡೀ ಅವಳು ಲ್ಯಾಪ್‌ಟಾಪುಗಳನ್ನೇ ಅನುಮಾನಿಸಿದಳು. ಡ್ರೈವರ್ ತಂತ್ರಾಂಶ ಕಿತ್ತು ಮತ್ತೆ ಹಾಕಿದಳು, ಕೇಬಲ್ ಬದಲಿಸಿದಳು. ಏನೂ ಆಗಲಿಲ್ಲ. ಸಂಜೆ ವಿಶ್ವಾಸ್ ಒಂದು ಹಾಳೆಯನ್ನು ಅವಳ ಮುಂದಿಟ್ಟ.

"ಪೂಜೆ ಟೈಮಲ್ಲಿ ಡಾಕ್ ಒಳಗೆ ನೀರು ಹೋಗಿದೆ, ಹಾರಾಧನ್ ಅಜಾಗರೂಕತೆ ಅಂತ ಬರೆದಿದೀನಿ. ಟೆಕ್ನಿಕಲ್ ಸೈನ್ ನಿಮ್ದು. ಹಾಕ್ಬಿಡಿ."

ಹಾರಾಧನ್ ಆ ಕಚೇರಿಯ ಅಟೆಂಡರ್, ಎಲ್ಲರ ಬಾಯಲ್ಲೂ ಹಾರುದಾ, ಅಂದರೆ ಹಾರು ಅಣ್ಣ. ಹನ್ನೆರಡೂ ಡಾಕ್ ಬಿಚ್ಚಿ, ಒರೆಸಿ, ಚೆಂಡುಹೂವಿನ ನಡುವೆ ಜೋಡಿಸಿ ಸಿಂಧೂರ ಹಚ್ಚಿದ್ದವರು ಅವರೇ. ನಿವೃತ್ತಿಗೆ ಇನ್ನೆರಡು ವರ್ಷ. ಹಾಳೆಗೆ ಸಹಿ ಬಿದ್ದರೆ ನಾಳೆಯೇ ಮನೆಗೆ.

"ನೀರು ಹೋಗಿದ್ದು ಯಾರ್ ನೋಡ್ಯಾರ್ರೀ ಸರ್?"

"ನೋಡೋದೇನಿದೆ? ಪೂಜೆ ಆಯ್ತು, ಮಾರನೇ ದಿನ ಕೆಟ್ಟೋಯ್ತು."

"ನೋಡಲಾರದ್ದಕ್ಕ ನಾ ಸಹಿ ಮಾಡಂಗಿಲ್ರಿ."

"ಮುಂದಿನ ತಿಂಗಳು ನಿಮ್ಮ ರಿನ್ಯೂವಲ್ ಇದೆ, ನೆನಪಿದೆಯಾ?"

"ನೆನಪೈತ್ರಿ. ಅದಕ್ಕೂ ಈ ಸಹಿಗೂ ಏನ್ ಸಂಬಂಧ ಐತಿ, ಅದನ್ನ ಹೇಳ್ರಿ."

ವಿಶ್ವಾಸ್ ನಾಳೆ ಹತ್ತರವರೆಗೆ ಸಮಯ ಕೊಟ್ಟ.

ಪ್ಯಾಂಟ್ರಿಯಲ್ಲಿ ಹಾರುದಾ ಚಹಾ ಸೋಸುತ್ತಿದ್ದರು. ಅವಳು ನೀರಿನ ಮಾತೆತ್ತಿದಾಗ ಅವರ ಕೈ ನಿಂತಿತು. "ಯಂತ್ರಕ್ಕೆ ನೀರೇ, ದಿದಿಮೋಣಿ?" ಎಂದರು ತಮ್ಮ ಹರಕು ಹಿಂದಿಯಲ್ಲಿ, ಅವಳನ್ನು ಬಂಗಾಳಿಯಲ್ಲಿ ಅಕ್ಕ ಎಂದು ಕರೆದು. "ಒಣ ಬಟ್ಟೆ ಬಿಟ್ಟು ಇನ್ನೇನೂ ಮುಟ್ಟಿಸಿಲ್ಲ."

ಗಂಗೂಬಾಯಿ ನಂಬಿದಳು. ಊರಲ್ಲಿ ದಸರೆಯ ಖಂಡೇಪೂಜೆಯ ದಿನ ಅವ್ವ ಹೊಲಿಗೆ ಯಂತ್ರವನ್ನು ಒಣ ಬಟ್ಟೆಯಲ್ಲೇ ಒರೆಸಿ, ಸೂಜಿಗೆ ತಾಗದಂತೆ ಕುಂಕುಮ ಇಡುತ್ತಿದ್ದಳು. ದುಡಿದು ತಿನ್ನುವವರು ದುಡಿಯುವ ಯಂತ್ರವನ್ನು ನೆನೆಸುವುದಿಲ್ಲ. ಆದರೆ ನಂಬಿಕೆಯನ್ನು ವರದಿಯಲ್ಲಿ ಬರೆಯಲಾಗದು.

"ಯಾವ ಡಾಕ್ ಎಲ್ಲಿತ್ತೋ ಅಲ್ಲಿಗೇ ಇಟ್ಟಿರಾ?"

ಹಾರುದಾ ನಕ್ಕುಬಿಟ್ಟರು. "ಹನ್ನೆರಡೂ ಒಂದೇ ಥರ. ಯಾವುದು ಯಾರದೆಂದು ಗುರುತು ಹಿಡಿಯುವುದು ಹೇಗೆ?"

ಅವಳು ಚಹಾ ಕುಡಿಯದೆ ಎದ್ದಳು.

ನೆಟ್‌ವರ್ಕ್ ಇದ್ದ ಮೂರನೆಯ ಮೇಜಿನ ಡಾಕನ್ನು ಐದನೆಯದಕ್ಕೆ ಒಯ್ದು ಸಿಕ್ಕಿಸಿದಳು. ಅಲ್ಲಿ ಅದೂ ಮೂಕವಾಯಿತು. ಅಂದರೆ ಡಾಕ್ ಕೆಟ್ಟಿಲ್ಲ, ಜಾಗ ಬದಲಾಗಿದೆ. ನೆಟ್‌ವರ್ಕಿನ ಸೆಟ್ಟಿಂಗ್ ತೆರೆದು ನೋಡಿದಳು. ಹಿಂದಿನ ವಾರ ಭದ್ರತೆಗೆಂದು ಡಾಕಿಗೆ ನೆಟ್‌ವರ್ಕ್ ತರುವ ಪ್ರತಿ ಮೇಜಿನ ತಂತಿಗೂ ಸೆಟ್ಟಿಂಗಿನಲ್ಲೇ ಬೀಗ ಹಾಕಲಾಗಿತ್ತು: ಆ ಮೇಜಿನ ಡಾಕಿನ ಸಂಖ್ಯೆಯನ್ನು ಬಿಟ್ಟು ಬೇರೊಂದನ್ನು ಒಳಬಿಡಕೂಡದು. ಪೂಜೆಯ ನಂತರ ಮೂರು ಡಾಕುಗಳಷ್ಟೇ ಆಕಸ್ಮಿಕವಾಗಿ ತಂತಮ್ಮ ಮೇಜಿಗೆ ಮರಳಿದ್ದವು. ಬೀಗ ಹಾಕಿದವರ ಹೆಸರು ವಿಶ್ವಾಸ್. ಯಾರಿಗೂ ಹೇಳಿರಲಿಲ್ಲ, ಅವಳಿಗೂ.

ಮರುದಿನ ಬೇಗ ಬಂದು, ಡಾಕುಗಳ ತಳದ ಸಂಖ್ಯೆಗಳನ್ನು ಓದಿ ಒಂದೊಂದನ್ನೂ ಅದರದರ ಮೇಜಿಗೆ ಸೇರಿಸಿದಳು. ಒಂಬತ್ತೂವರೆಗೆ ಹನ್ನೆರಡು ಮೇಜಿಗೂ ನೆಟ್‌ವರ್ಕ್ ಬಂದಿತ್ತು.

ವಿಶ್ವಾಸ್ ಅವಳ ವರದಿಯನ್ನು ಎರಡು ಸಲ ಓದಿದ. "ಸರಿಹೋಯ್ತಲ್ಲ, ಬಿಡಿ. ಬೀಗದ ವಿಷ್ಯ ತೆಗೀರಿ. ತಾಂತ್ರಿಕ ಕಾರಣ ಅಂತ ಹಾಕಿ ಸಾಕು."

"ಹಂಗಂದ್ರ ಅದು ನಾಳೆ ಮತ್ತ ಹಾರುದಾನ ತಲಿಗೇ ಬರ್ತೈತ್ರಿ. ಇದ್ದದ್ದ ಬರದೀನಿ. ಸಹಿ ಮಾಡೀನಿ, ಹೆಡ್ ಆಫೀಸಿಗೂ ಕಳಸೀನಿ."

ಅವನ ಮುಖ ಕೆಂಪೇರಿತು. ಹಾರುದಾ ವಿರುದ್ಧ ಬರೆದಿದ್ದ ಹಾಳೆಯನ್ನು ಮುದುರಿ ಬುಟ್ಟಿಗೆ ಎಸೆದ. ಹೋಗುವ ಮುನ್ನ ಡಾಕುಗಳತ್ತ ಬೆರಳು ತೋರಿಸಿದ. "ಆ ಸಿಂಧೂರ ಆದ್ರೂ ಒರೆಸಿ. ಆಫೀಸ್ ಇದು."

ಗಂಗೂಬಾಯಿ ಪ್ರತಿ ಡಾಕಿಗೂ ಮೇಜಿನ ಸಂಖ್ಯೆ ಬರೆದ ಚೀಟಿ ಅಂಟಿಸುತ್ತಿದ್ದಳು, ಸಿಂಧೂರಕ್ಕೆ ತಾಗದಂತೆ, ಅದರ ಪಕ್ಕದಲ್ಲೇ. ತಲೆ ಎತ್ತಲಿಲ್ಲ.

"ಇರ್ಲಿ ಬಿಡ್ರಿ ಸರ್. ಅದು ನೆಟ್‌ವರ್ಕಿಗೆ ಅಡ್ಡ ಬಂದಿಲ್ಲ."