ನಾನು ಅಳಿಸಿದ ಜರ್ಮನ್ ಹೆಸರುಗಳು

ಎರಡು ಸಾವಿರದ ದಶಕದ ಮೊದಲ ವರ್ಷಗಳವು. ಹೈದರಾಬಾದಿನಲ್ಲಿ ಐಟಿ ಕಂಪನಿಗಳು ಒಂದರ ಹಿಂದೊಂದು ಬಾಗಿಲು ತೆರೆಯುತ್ತಿದ್ದವು. ಕೊಂಡಾಪುರದ ಒಂದು ಡಿಜಿಟಲ್ ಮ್ಯಾಪಿಂಗ್ ಕಂಪನಿಯಲ್ಲಿ ನಾನು ಕ್ವಾಲಿಟಿ ಲೀಡ್. ಹೊರದೇಶಗಳ ಕಾಗದದ ನಕಾಶೆಗಳನ್ನು ಕಂಪ್ಯೂಟರಿಗೆ ಇಳಿಸುವುದು ನಮ್ಮ ಕೆಲಸ. ಅದರಲ್ಲಿ ತಪ್ಪು ಉಳಿಯದಂತೆ ನೋಡುವುದು ನನ್ನದು.

ಆ ಬೇಸಿಗೆಯಲ್ಲಿ ಬಂದದ್ದು ದಕ್ಷಿಣ ಟಿರೋಲ್. ಆಲ್ಪ್ಸ್ ಪರ್ವತಗಳ ನಡುವೆ, ಇಟಲಿಯ ಉತ್ತರ ತುದಿಯಲ್ಲಿರುವ ಗಡಿನಾಡು. ಅಲ್ಲಿಯ ಆಂಬುಲೆನ್ಸ್ ಕಂಟ್ರೋಲ್ ರೂಮಿಗೆ ಊರುಗಳ ಡೇಟಾಬೇಸ್ ಬೇಕಿತ್ತು. ಫೋನ್ ಮಾಡಿದವರು ಊರ ಹೆಸರು ಹೇಳಿದರೆ ಸ್ಕ್ರೀನಿನ ಮೇಲೆ ದಾರಿ ಕಾಣಬೇಕು. ಕೆಲಸ ಮಾಡುತ್ತ ಹೋದಂತೆ ಒಂದೇ ಬಿಂದುವಿಗೆ ಎರಡೆರಡು ಹೆಸರು ಕಂಡವು: ಒಂದು ಊರಿಗೆ ವಿಪಿತೇನೊ ಮತ್ತು ಸ್ಟೆರ್ಜಿಂಗ್, ಇನ್ನೊಂದಕ್ಕೆ ಬ್ರುನಿಕೊ ಮತ್ತು ಬ್ರುನೆಕ್. ನಾನು ಡೂಪ್ಲಿಕೇಟ್ ಎಂದುಕೊಂಡೆ. ದೇಶ ಇಟಲಿ ತಾನೆ ಎಂದು ಇಟಾಲಿಯನ್ ಹೆಸರು ಉಳಿಸಿ ಇನ್ನೊಂದನ್ನು ಅಳಿಸಲು ಹೇಳಿದೆ. ಯಾರನ್ನೂ ಕೇಳಲಿಲ್ಲ. ಫೈಲ್ ಕಂಟ್ರೋಲ್ ರೂಮಿಗೆ ಹೋಯಿತು.

ನಾಲ್ಕು ದಿನದ ನಂತರ ಶರಣಪ್ಪ ನನ್ನ ಮೇಜಿನ ಬಳಿ ಬಂದರು. ಕಲಬುರಗಿ ಕಡೆಯವರು, ಮೊದಲು ಸರ್ವೆ ಆಫೀಸಿನಲ್ಲಿ ನಕಾಶೆ ಬರೆಯುತ್ತಿದ್ದವರು, ನಮ್ಮಲ್ಲೆಲ್ಲ ಹಿರಿಯರು.

"ಮೇಡಂ, ನಾವು ಅಳಿಸಿದ್ದು ಡೂಪ್ಲಿಕೇಟ್ ಅಲ್ರಿ. ಮೊದಲ ಮಹಾಯುದ್ಧದ ತನಕ ಆ ನಾಡು ಆಸ್ಟ್ರಿಯಾದಾಗ ಇತ್ತು. ಆಮ್ಯಾಲ ಇಟಲಿಗೆ ಹೋತು. ಆಗಿನ ಸರ್ಕಾರ ಊರಿಗೆಲ್ಲ ಇಟಾಲಿಯನ್ ಹೆಸರಿಟ್ಟು ಜರ್ಮನ್ ಹೆಸರು ಬಂದ್ ಮಾಡಿತ್ತಂತ. ಈಗ ಎರಡೂ ನಡೀತಾವ್ರಿ. ಇವತ್ತಿಗೂ ಅಲ್ಲಿ ಭಾಳ ಮಂದಿ ಮನ್ಯಾಗ ಜರ್ಮನ್ನೇ ಮಾತಾಡ್ತಾರ. ಕೆಲವು ಕಣಿವ್ಯಾಗ ಲಾದಿನ್ ಅಂತ ಮೂರನೇ ಭಾಷಾನೂ ಐತಿ."

ಮೇಲ್ ತೆರೆದು ನೋಡಿದೆ. ಹೊಸ ಸಿಸ್ಟಮ್ ಅಂದೇ, ಅಲ್ಲಿಯ ಬೆಳಿಗ್ಗೆ ಎಂಟಕ್ಕೆ ಶುರು. ನಮ್ಮ ಗಡಿಯಾರದಲ್ಲಿ ಅದು ಹನ್ನೊಂದೂವರೆ. ಆಗಲೇ ಹನ್ನೊಂದು ನಲವತ್ತಾಗಿತ್ತು.

ಮ್ಯಾನೇಜರ್ ವೆಂಕಟರಾವ್ ಬಳಿ ಓಡಿ ವಿಷಯ ಹೇಳಿದೆ. "ಇಪ್ಪುಡೇ ಚೆಪ್ಪೊದ್ದು," ಎಂದರು ತೆಲುಗಿನಲ್ಲಿ. ಕಂಟ್ರೋಲ್ ರೂಮಿಗೆ ಈಗಲೇ ಹೇಳಬೇಡಿ, ಮೊದಲು ಸದ್ದಿಲ್ಲದೆ ಸರಿಪಡಿಸಿ ಎಂಬುದು ಅವರ ಮಾತು.

"ಅಷ್ಟರೊಳಗೆ ಯಾರಾದರೂ ಆಂಬುಲೆನ್ಸಿಗೆ ಫೋನ್ ಮಾಡಿದರೆ, ಸರ್?"

ಅವರು ಟೆಲಿಫೋನನ್ನು ನನ್ನ ಕಡೆ ತಳ್ಳಿದರು.

ಆ ಕಡೆ ಕಂಟ್ರೋಲ್ ರೂಮಿನ ಇಂಗ್ರಿಡ್ ಎಂಬ ಅಧಿಕಾರಿ. ತಪ್ಪು ನನ್ನದೆಂದು ಹೇಳಿದೆ. ಹಳೆಯ ಸಿಸ್ಟಮ್ ಬಿಚ್ಚಿ ಆಗಿದೆ, ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಮೂರು ಗಂಟೆ ಎಂದೆ. ಆಗ ಅವರ ಹಿಂದೆ ಫೋನೊಂದು ರಿಂಗಾಗುವುದು ಕೇಳಿಸಿತು.

ಬ್ಯಾಕಪ್ಪಿನಿಂದ ಹೆಸರುಗಳನ್ನು ತೆಗೆದು ಶರಣಪ್ಪ ಒಂದೊಂದಾಗಿ ಓದಿದರು, ನಾನು ತಾಳೆ ನೋಡಿದೆ. ಯಾರೂ ಊಟಕ್ಕೆ ಏಳಲಿಲ್ಲ. ಕೀಬೋರ್ಡಿನ ಮೇಲೆ ನನ್ನ ಬೆರಳು ತಪ್ಪುತ್ತಲೇ ಇತ್ತು. "ಸಾವಕಾಶ ಮಾಡ್ರಿ ಮೇಡಂ. ಮತ್ತೊಂದು ತಪ್ಪಾದ್ರ ಯಾರ ಮುಂದ ಹೇಳೋಣ?" ಎಂದರು ಶರಣಪ್ಪ. ಎರಡೂ ಮುಕ್ಕಾಲಿಗೆ ಫೈಲ್ ಕಳಿಸಿದೆವು.

ಸಂಜೆ ಇಂಗ್ರಿಡ್ ತಾವೇ ಫೋನ್ ಮಾಡಿದರು. ಆ ಮೂರು ಗಂಟೆಯಲ್ಲಿ ಒಂದು ಕರೆ ಬಂದಿತ್ತು. ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಮುದುಕರೊಬ್ಬರು ಏಣಿಯಿಂದ ಬಿದ್ದಿದ್ದರು. ಅವರ ಹೆಂಡತಿ ಅಳುತ್ತ ಜರ್ಮನ್ ಹೆಸರನ್ನಷ್ಟೇ ಹೇಳುತ್ತಿದ್ದರು. ಸ್ಕ್ರೀನ್ ಖಾಲಿ. ಕರೆ ತೆಗೆದುಕೊಂಡವನು ಅದೇ ಕಣಿವೆಯಲ್ಲಿ ಹುಟ್ಟಿದವನಾದ್ದರಿಂದ ಗಾಡಿ ಸರಿಯಾಗಿ ಹೋಯಿತು. ಸೊಂಟದ ಮೂಳೆ ಮುರಿದಿತ್ತು, ಜೀವ ಉಳಿಯಿತು.

"ಇವತ್ತು ಅವನ ಡ್ಯೂಟಿ ಇರದಿದ್ದರೆ..." ಎಂದು ಇಂಗ್ರಿಡ್ ಅಲ್ಲಿಗೇ ನಿಲ್ಲಿಸಿದರು.

ಮುಂದೆ ಹಲವು ವರ್ಷ ಅದೇ ಕೆಲಸದಲ್ಲಿದ್ದೆ. ಆಯಾ ನಾಡಿನಲ್ಲಿ ಬದುಕುವ ಒಬ್ಬರನ್ನಾದರೂ ಕೇಳದೆ ಯಾವ ಊರ ಹೆಸರನ್ನೂ ಮುಟ್ಟಲಿಲ್ಲ. ಹೆದರಿದ ಮನುಷ್ಯ ಸರ್ಕಾರದ ಪಟ್ಟಿ ನೋಡಿ ತನ್ನ ಊರು ಯಾವುದೆಂದು ಹೇಳುವುದಿಲ್ಲ; ಬಾಯಿಗೆ ಬರುವುದು ಮನೆಯಲ್ಲಿ ಕಲಿತ ಹೆಸರು. ನಕಾಶೆಯಲ್ಲಿ ಅದು ಇರಲೇಬೇಕು.